ಜಿಡ್ಡೂ ಹೊಳಪೂ

ಇಂಗ್ಲಿಷಿನಲ್ಲಿ ಮುಖ ಹೊಳೆಯುವುದಕ್ಕೆ ಎರಡು ಪದಗಳಿವೆ. ಗ್ಲೋ ಅಂದರೆ ಬೇಕಾದ ಹೊಳಪು, ಶೈನ್ ಅಂದರೆ ಬೇಡದ ಹೊಳಪು. ಫೇಸ್‌ವಾಶ್ ಟ್ಯೂಬುಗಳ ಬೆನ್ನ ಮೇಲಿನ ನಾಲ್ಕು ಸಾಲನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡಿನ ಒಂದು ಭಾಗ. ಫೆಬ್ರವರಿ ಬಂತೆಂದರೆ ಈ ಕೆಲಸ ಹೆಚ್ಚುತ್ತದೆ, ಯಾಕೆಂದರೆ ಬೇಸಿಗೆಯ ಸರಕು ಅಷ್ಟರಲ್ಲಿ ಅಂಗಡಿ ಸೇರಬೇಕು. ಮೊದಲ ಸಾಲು ಶೈನ್ ತೆಗೆಯುತ್ತೇವೆ ಅನ್ನುತ್ತದೆ, ಮೂರನೆಯ ಸಾಲು ಗ್ಲೋ ಕೊಡುತ್ತೇವೆ ಅನ್ನುತ್ತದೆ. ಇದ್ದದ್ದನ್ನು ಇದ್ದ ಹಾಗೆ ಕನ್ನಡಕ್ಕೆ ತಂದರೆ ಹೊಳಪನ್ನು ಕಿತ್ತುಕೊಂಡು ಹೊಳಪನ್ನೇ ವಾಪಸು ಕೊಡುವ ವಸ್ತುವಾಗುತ್ತದೆ ಅದು. ಕೊನೆಗೆ ಒಂದಕ್ಕೆ ‘ಜಿಡ್ಡು’, ಇನ್ನೊಂದಕ್ಕೆ ‘ಕಾಂತಿ’ ಎಂದು ಹಾಕಿ ಕಳಿಸುತ್ತೇನೆ. ಕೆಲಸ ಕೊಟ್ಟವರಿಗೆ ಖುಷಿ. ನನಗೆ ಮಾತ್ರ ಕನ್ನಡದ ಒಂದೇ ಪದವೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಕನ್ನಡಿಯಲ್ಲಿ ಇರುವುದು ಒಂದೇ ಹೊಳಪು. ಅದನ್ನು ಎರಡಾಗಿ ಸೀಳಿದ್ದು ಮಾರುವವರು.

‘ಜಿಡ್ಡು’ ಎಂಬ ಪದದ ಮೇಲೂ ನನಗೊಂದು ತಕರಾರಿದೆ. ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಸಿಗುವುದು ‘ಜಿಡ್ಡುಗಟ್ಟಿದ ಆಡಳಿತ’ ಎಂಬಲ್ಲಿ. ಅಂದರೆ ಕೊಳೆ, ಸೋಮಾರಿತನ, ಬಹಳ ಕಾಲ ತೊಳೆಯದೆ ಬಿಟ್ಟದ್ದು. ‘ಜಿಡ್ಡು ಮುಖ’ ಅಂದ ಕೂಡಲೇ ಆ ಮುಖದವರು ನೀರು ಮುಟ್ಟಿಲ್ಲ ಎಂಬ ಆರೋಪ ತಾನಾಗಿ ಸೇರಿಕೊಳ್ಳುತ್ತದೆ. ‘ಎಣ್ಣೆ’ಗೆ ಆ ಕಳಂಕವಿಲ್ಲ. ಎಳ್ಳಿನ ‘ಎಳ್’ ಮತ್ತು ‘ನೆಯ್’ ಕೂಡಿ ಎಣ್ಣೆಯಾಯಿತು, ತಮಿಳಿನದೂ ಅದೇ ಕಥೆ. ಸಂಸ್ಕೃತದ ತೈಲವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು. ಸಂಸ್ಕೃತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಣ್ಣೆಗೂ ಅಕ್ಕರೆಗೂ ‘ಸ್ನೇಹ’ ಎಂಬ ಒಂದೇ ಪದ ಇಟ್ಟುಕೊಂಡಿದೆ. ಜಿಡ್ಡಿನ ಪಸೆ ಇರುವುದು ಸ್ನಿಗ್ಧ, ಮೃದು. ಒಣಗಿದ್ದು ರೂಕ್ಷ, ಒರಟು. ನಮ್ಮಲ್ಲೇ ‘ಎಣ್ಣೆಗೆಂಪು’ ಇವತ್ತಿಗೂ ವಧೂವರರ ಜಾಹೀರಾತಿನಲ್ಲಿ ಅಳುಕಿಲ್ಲದೆ ನಿಲ್ಲುವ ಬಣ್ಣ. ಇಷ್ಟೆಲ್ಲ ಬಂಡವಾಳವಿದ್ದೂ ಫೇಸ್‌ವಾಶ್ ಮೇಲೆ ‘ಸ್ನಿಗ್ಧ ತ್ವಚೆಗೆ’ ಎಂದು ಬರೆದರೆ ಯಾರೂ ಕೊಳ್ಳುವುದಿಲ್ಲ, ಬಿಡಿ.

ನಾನು ಚಳ್ಳಕೆರೆಯವಳು. ಶೇಂಗಾ ಎಣ್ಣೆಯ ಮಿಲ್ಲುಗಳಿಂದಾಗಿ ‘ಎಣ್ಣೆ ನಗರ’ ಎನ್ನಿಸಿಕೊಂಡ ಊರು. ಮೂಗಿನ ಎರಡೂ ಪಕ್ಕ ಮಿಂಚುವ ಮುಖ ಹೊತ್ತು ಅಲ್ಲಿ ಹೈಸ್ಕೂಲು ಓದಿದರೆ ಯಾವ ಯಾವ ಜೋಕು ಕೇಳಬೇಕಾಗುತ್ತದೆಂದು ನೀವೇ ಊಹಿಸಬಹುದು. ಈಗ ಚೆನ್ನೈಗೆ ಬಂದು ಒಂಬತ್ತು ವರ್ಷ. ಇಲ್ಲಿ ಅದನ್ನು ‘ಎಣ್ಣೈ ವಳಿಯುದು’ ಅನ್ನುತ್ತಾರೆ, ಎಣ್ಣೆ ಸುರೀತಿದೆ ಅಂತ. ಪೆಚ್ಚುನಗೆ ನಕ್ಕರೂ ತಮಿಳಿನಲ್ಲಿ ಅದೇ ಕ್ರಿಯಾಪದ: ‘ಅಸಡು ವಳಿಯುದು’, ಪೆದ್ದುತನ ಸುರೀತಿದೆ. ಮೇ ತಿಂಗಳ ಮಧ್ಯಾಹ್ನ ಬಸ್ಸಿನಲ್ಲಿ ನಿಂತವರ ಮುಖದಲ್ಲಿ ಎರಡರಲ್ಲಿ ಯಾವುದು ಸುರಿಯುತ್ತಿದೆ ಎಂದು ಹೇಳುವುದು ಕಷ್ಟ.

ನಿಜ ಹೇಳಬೇಕೆಂದರೆ ಹೆಚ್ಚಿನ ಪಾಲು ಎಣ್ಣೆಯಲ್ಲ, ಬೆವರು. ಚಳ್ಳಕೆರೆಯ ಏಪ್ರಿಲ್ ಸುಡುತ್ತದೆ, ಆದರೆ ಗಾಳಿ ಒಣ. ಬೆವರು ಬಂದಷ್ಟೇ ಬೇಗ ಆರಿ ಮುಖದ ಮೇಲೆ ಉಪ್ಪಿನ ಗೆರೆ ಉಳಿಯುತ್ತದೆ. ಚೆನ್ನೈಯ ಗಾಳಿಯಲ್ಲಿ ಆಗಲೇ ಬೇಕಾದಷ್ಟು ನೀರಿದೆ, ಬೆವರು ಆವಿಯಾಗಲು ಜಾಗವಿಲ್ಲ. ಅದು ಚರ್ಮದ ಮೇಲೇ ನಿಂತು ಅಲ್ಲಿದ್ದ ತೆಳು ಜಿಡ್ಡನ್ನು ಹರಡುತ್ತದೆ, ಇಡೀ ಮುಖ ಹೊಳೆಯುತ್ತದೆ. ಅಗ್ನಿ ನಕ್ಷತ್ರದ ದಿನಗಳಲ್ಲಿ, ಅಂದರೆ ಮೇ ಮೊದಲ ವಾರದಿಂದ ಕೊನೆಯ ವಾರದವರೆಗೆ, ಮಧ್ಯಾಹ್ನ ಕಡಲ ಗಾಳಿ ಬರುವುದು ತಡವಾದರೆ ಅವತ್ತಿನ ಮುಖದ ಕಥೆ ಮುಗಿಯಿತು. ಮುಂಬೈಯವರಿಗೆ ಇದನ್ನು ವಿವರಿಸಬೇಕಿಲ್ಲ. ದೆಹಲಿಯವರಿಗೆ ಜುಲೈ ಬಂದಾಗ ಗೊತ್ತಾಗುತ್ತದೆ.

ಎಣ್ಣೆಯ ಕಾರ್ಖಾನೆ ಬೇರೆ. ಕೂದಲಿನ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಗ್ರಂಥಿಗಳು ಅವು. ಹಣೆ, ಮೂಗು, ಗಲ್ಲ, ನೆತ್ತಿ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಒತ್ತಾಗಿವೆ, ಅಂಗೈ ಅಂಗಾಲಿನಲ್ಲಿ ಒಂದೂ ಇಲ್ಲ. ಅಲ್ಲಿಂದ ಬರುವುದು ಸೀಬಮ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ಪ್ರಾಣಿಯ ಕೊಬ್ಬು. ಅದರಲ್ಲಿ ಕೊಬ್ಬಿದೆ, ಮೇಣವಿದೆ, ಸ್ಕ್ವಾಲೀನ್ ಇದೆ. ಈ ಕೊನೆಯದರ ಹೆಸರು ಶಾರ್ಕ್ ಮೀನಿನಿಂದ ಬಂದದ್ದು, ಮೊದಲು ಸಿಕ್ಕಿದ್ದು ಅದರ ಪಿತ್ತಕೋಶದ ಪಕ್ಕದ ಯಕೃತ್ತಿನ ಎಣ್ಣೆಯಲ್ಲಿ. ಚರ್ಮ ಬಿಸಿಯಾದಷ್ಟೂ ಸೀಬಮ್ ಸಲೀಸಾಗಿ ಹರಿಯುತ್ತದೆ. ಆದರೆ ಎಷ್ಟು ತಯಾರಾಗಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ಹಾರ್ಮೋನುಗಳು. ‘ಹೆಚ್ಚು ತೊಳೆದರೆ ಚರ್ಮ ಹಟ ಹಿಡಿದು ಇನ್ನಷ್ಟು ಎಣ್ಣೆ ಬಿಡುತ್ತದೆ’ ಎಂಬ ಮಾತು ಬ್ಯೂಟಿ ಪಾರ್ಲರುಗಳಲ್ಲಿ ಬಹಳ ಓಡಾಡುತ್ತದೆ. ನಾನು ಅದನ್ನು ನಂಬುವುದಿಲ್ಲ. ಗ್ರಂಥಿ ಸೋಪಿನ ಮಾತು ಕೇಳುವುದಿಲ್ಲ, ಹಾರ್ಮೋನಿನ ಮಾತು ಕೇಳುತ್ತದೆ. ಹಾಗಾಗಿಯೇ ಯಾವ ಫೇಸ್‌ವಾಶ್ ಕೂಡ ಎಣ್ಣೆ ‘ನಿಯಂತ್ರಿಸುವುದಿಲ್ಲ’. ಆಗಲೇ ಹೊರಬಂದದ್ದನ್ನು ಒರೆಸುತ್ತದೆ, ಕೆಲವು ಗಂಟೆಗಳ ಮಟ್ಟಿಗೆ. ತೊಳೆತ ವಿಪರೀತವಾದರೆ ಕೆಡುವುದು ಗ್ರಂಥಿಯಲ್ಲ, ಚರ್ಮದ ಹೊರಪದರ. ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ 5ರ ಆಸುಪಾಸು. ಮಾಮೂಲಿ ಸೋಪಿನದು 9–10. ದಿನಕ್ಕೆ ಐದು ಸಲ ಸೋಪು ಹಚ್ಚಿದ ಮುಖ ಉರಿಯುತ್ತದೆ, ಬಿಗಿಯುತ್ತದೆ, ಎಣ್ಣೆಯಂತೂ ಅದರ ಪಾಡಿಗೆ ಬರುತ್ತಲೇ ಇರುತ್ತದೆ.

ಮುಲ್ತಾನಿ ಮಿಟ್ಟಿಯ ಬಗ್ಗೆ ಒಂದು ಮಾತು, ಯಾಕೆಂದರೆ ಪ್ರತಿ ಬೇಸಿಗೆಯೂ ಯಾರಾದರೂ ಅದನ್ನು ಶಿಫಾರಸು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಇಂಥ ಮಣ್ಣಿಗೆ ಫುಲ್ಲರ್ಸ್ ಅರ್ತ್ ಎಂದು ಹೆಸರು. ಫುಲ್ಲರ್ ಅಂದರೆ ಉಣ್ಣೆ ಬಟ್ಟೆಯ ಜಿಡ್ಡು ತೆಗೆಯುವವನು. ಕುರಿಯ ಉಣ್ಣೆಗೆ ಅಂಟಿರುವ ಜಿಡ್ಡು ಅದರದೇ ಚರ್ಮದ ಗ್ರಂಥಿಗಳಿಂದ ಬಂದದ್ದು. ಅದನ್ನು ತೆಗೆದು ಶುದ್ಧ ಮಾಡಿದರೆ ಲ್ಯಾನೋಲಿನ್, ಒಡೆದ ತುಟಿಗೆ ಹಚ್ಚುವ ಮುಲಾಮು. ಚಳ್ಳಕೆರೆ ಕಂಬಳಿಗೂ ಹೆಸರಾದ ಊರು. ಹಾಗಾಗಿ ಕುರಿಯ ಜಿಡ್ಡಿಗೆ ಬೆಲೆಯಿದೆ, ಹುಡುಗಿಯ ಜಿಡ್ಡಿಗೆ ಇಲ್ಲ ಎಂಬುದು ನನಗೆ ಒಳ್ಳೆಯ ತಮಾಷೆ ಅನ್ನಿಸುತ್ತದೆ. ಆ ಮಣ್ಣು ಎಣ್ಣೆ ಹೀರುವುದು ನಿಜ. ವಾರಕ್ಕೊಮ್ಮೆ ಹಚ್ಚಿ, ಪೂರ್ತಿ ಒಣಗಿ ಬಿರುಕು ಬಿಡುವ ಮೊದಲೇ ತೊಳೆದರೆ ತೊಂದರೆಯಿಲ್ಲ. ನಿಂಬೆರಸ ಬೆರೆಸಿ ಬಿಸಿಲಿಗೆ ಹೋಗುವುದು ಮಾತ್ರ ಬೇಡ, ಸುಟ್ಟ ಕಲೆಯಾಗುತ್ತದೆ.

ಇಷ್ಟು ಹೊತ್ತು ಹಗುರಾಗಿ ಮಾತಾಡಿದೆ. ಕಳೆದ ಬೇಸಿಗೆಯಲ್ಲಿ ನಡೆದದ್ದು ಅಷ್ಟು ಹಗುರಲ್ಲ.

ಅಕ್ಕನ ಮಗಳು, 19 ವರ್ಷ, ಇಲ್ಲಿನ ಕಾಲೇಜೊಂದರಲ್ಲಿ ಓದುತ್ತಾಳೆ. ಹಾಸ್ಟೆಲಿನಲ್ಲಿ ನೀರಿನ ತಾಪತ್ರಯವೆಂದು ಮೇ ತಿಂಗಳಿಗೆ ನನ್ನ ಮನೆಗೆ ಬಂದಳು. ನಮ್ಮ ಮನೆತನದ ಮುಖ, ಹಣೆ ಮೂಗು ಮಿಂಚುವಂಥದ್ದು, ಜೊತೆಗೆ ಕೆನ್ನೆಯ ತುಂಬ ಮೊಡವೆ. ಆದರೆ ಅವಳ ಕೆನ್ನೆಯ ಬಣ್ಣ ಮೊಡವೆಯ ಕೆಂಪಿನಂತಿರಲಿಲ್ಲ. ತೆಳ್ಳಗೆ ಎಳೆದ ಕಾಗದದ ಹಿಂದೆ ದೀಪ ಇಟ್ಟಂತಿತ್ತು. ಒಲೆಯ ಮುಂದೆ ನಿಂತರೆ ಉರಿ, ಬಿಸಿಲಿಗೆ ಹೋದರೆ ಉರಿ. ‘ಎಣ್ಣೆ ಮುಖಕ್ಕೆ ಅಂತ ಮೆಡಿಕಲ್ ಶಾಪಲ್ಲಿ ಕೊಟ್ಟ ಕ್ರೀಮಿದೆ ಚಿಕ್ಕಿ, ಹಚ್ಚಿದ್ರೆ ಎರಡೇ ದಿನದಲ್ಲಿ ಕಮ್ಮಿಯಾಗುತ್ತೆ, ಬಿಟ್ರೆ ಜಾಸ್ತಿಯಾಗುತ್ತೆ’ ಅಂದಳು. ಏಳು ತಿಂಗಳಿಂದ ಹಚ್ಚುತ್ತಿದ್ದಳು. ಹಾಸ್ಟೆಲಿನಲ್ಲಿ ಅದೇ ಕ್ರೀಮು ಇನ್ನೂ ನಾಲ್ಕೈದು ಜನರ ಬಳಿ ಇತ್ತು.

ಟ್ಯೂಬು ತರಿಸಿ ಓದಿದೆ. ಪದಗಳ ಕೊನೆ ನೋಡುವುದು ನನ್ನ ಓದಿನ ಅಭ್ಯಾಸ, ಪ್ರತ್ಯಯದಿಂದ ಪದದ ಕುಲ ತಿಳಿಯುತ್ತದೆ. ಔಷಧದ ಹೆಸರುಗಳೂ ಹಾಗೆಯೇ ಕಟ್ಟಿದವು. ಮೊಮೆಟಾಸೋನ್, ಬೀಟಾಮೆಥಾಸೋನ್ ಎಂದು ‘ಸೋನ್’ನಲ್ಲಿ ಮುಗಿದರೆ ಅದು ಸ್ಟಿರಾಯ್ಡ್ ಇರಬಹುದೆಂದು ಎಚ್ಚರಾಗಬೇಕು. ಕ್ಲೋಬೆಟಾಸಾಲ್, ಫ್ಲುಯೊಸಿನೊಲೋನ್ ಕೂಡ ಅದೇ ಕುಲ. ಅವಳ ಟ್ಯೂಬಿನಲ್ಲಿ ಮೊಮೆಟಾಸೋನ್ ಇತ್ತು, ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯ್ನ್. ಬಂಗಿನಂಥ ಕಲೆಗೆ ವೈದ್ಯರು ಕೆಲವು ವಾರಗಳ ಮಟ್ಟಿಗೆ, ಲೆಕ್ಕ ಹಿಡಿದು ಬರೆದುಕೊಡುವ ಮಿಶ್ರಣ ಅದು. ಎಣ್ಣೆ ಮುಖಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಟಿರಾಯ್ಡ್ ಕೆಂಪು, ಊತ ಎಲ್ಲವನ್ನೂ ತಕ್ಷಣ ಅಡಗಿಸುತ್ತದೆ, ಅದಕ್ಕೇ ‘ಎರಡೇ ದಿನ’. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ ಹೆಚ್ಚುತ್ತದೆ, ಬಿಟ್ಟರೆ ಮುಖ ಉರಿದೇಳುತ್ತದೆ. ಭಾರತದ ಚರ್ಮವೈದ್ಯರು ಇದಕ್ಕೆ ‘ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದೇ ಹೆಸರಿಟ್ಟಿದ್ದಾರೆ, ಅಷ್ಟು ಜನ ಬರುತ್ತಾರೆ ಅವರ ಬಳಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ಆ ಎಚ್ಚರಿಕೆ ಇತ್ತು, ಕೆಂಪು ಗೆರೆಯೂ ಇತ್ತು. ಅಕ್ಷರ ಸಾಸಿವೆ ಗಾತ್ರದ್ದು, ಇಂಗ್ಲಿಷಿನದು.

ಅವತ್ತು ನನ್ನ ಮೇಜಿನ ಮೇಲೆ ಇನ್ನೊಂದು ಟ್ಯೂಬಿನ ಕೆಲಸವೂ ಇತ್ತು. ಒಂಬತ್ತು ಭಾಷೆಗಳಿಗೆ ಹೋಗುವ ಫೇಸ್‌ವಾಶಿನ ನಾಲ್ಕು ಸಾಲು. ಭರವಸೆಯನ್ನು ಒಂಬತ್ತು ಭಾಷೆಗೆ ಹೇಳಲು ದುಡ್ಡು ಕೊಟ್ಟು ಜನರನ್ನು ಗೊತ್ತು ಮಾಡುತ್ತಾರೆ. ಎಚ್ಚರಿಕೆಯನ್ನು ಕನ್ನಡಕ್ಕೆ ತನ್ನಿ ಎಂದು ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಹೇಳಿ ಕಳಿಸಿಲ್ಲ.

ಚರ್ಮವೈದ್ಯೆ ಅವಳನ್ನು ಬೈಯಲಿಲ್ಲ, ಅದು ದೊಡ್ಡ ಉಪಕಾರ. ಕ್ರೀಮನ್ನು ತಾವು ಹೇಳಿದ ಲೆಕ್ಕದಲ್ಲೇ ಬಿಡಿಸಿದರು. ಮೊದಲ ಮೂರು ವಾರ ಕೆಟ್ಟದಾಗಿತ್ತು. ರಾತ್ರಿ ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು ಫ್ಯಾನಿನ ಕೆಳಗೆ ಮಲಗುತ್ತಿದ್ದಳು. ವಿಡಿಯೋ ಕರೆಯಲ್ಲಿ ಅಮ್ಮನಿಗೆ ಮುಖ ತೋರಿಸಲು ಒಪ್ಪಲಿಲ್ಲ. ಕಾಲೇಜು ಬಿಟ್ಟು ಊರಿಗೆ ಹೋಗುತ್ತೇನೆಂದು ಎರಡು ಸಲ ಚೀಲ ಕಟ್ಟಿದಳು. ಜುಲೈ ಹೊತ್ತಿಗೆ ಉರಿ ಇಳಿಯಿತು, ಮೊಡವೆ ಉಳಿಯಿತು, ಎಣ್ಣೆ ಮೊದಲಿನಂತೆ ಬಂತು. ಆ ಎಣ್ಣೆ ನೋಡಿ ಇಬ್ಬರಿಗೂ ಸಮಾಧಾನವಾದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಅವಳು ಮಾಡುವುದು ಬಹಳ ಕಡಿಮೆ. ಬೆಳಿಗ್ಗೆ ರಾತ್ರಿ ನೊರೆ ಕಮ್ಮಿಯಿರುವ ಕ್ಲೆನ್ಸರ್, ನಡುವೆ ಬೆವರಿದರೆ ಬರಿ ನೀರು, ಉಜ್ಜದೆ ಒತ್ತಿ ಒರೆಸುವ ಹತ್ತಿ ಟವೆಲು. ಜೆಲ್ ಥರದ ಹಗುರ ಮಾಯಿಶ್ಚರೈಸರ್, ಯಾಕೆಂದರೆ ಎಣ್ಣೆ ಇದ್ದ ಮಾತ್ರಕ್ಕೆ ಚರ್ಮದಲ್ಲಿ ನೀರಿದೆ ಎಂದಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮುಖ ಗಟ್ಟಿಯಾದ ಮೇಲೆ ವೈದ್ಯೆ ಸ್ಯಾಲಿಸಿಲಿಕ್ ಆಮ್ಲ ಸೇರಿಸಿದರು. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದ ಒಳಗೆ ಇಳಿಯುತ್ತದೆ. ಮೊಡವೆಗೆ 2.5 ಶೇಕಡಾ ಬೆಂಜಾಯ್ಲ್ ಪೆರಾಕ್ಸೈಡ್, ನನ್ನ ಎರಡು ದಿಂಬಿನ ಕವರು ಅದರಿಂದ ಬಿಳಿಚಿಕೊಂಡಿವೆ. ಮೂಗಿನ ಮೇಲಿನ ಕಪ್ಪು ಚುಕ್ಕೆಗಳನ್ನು ಕೀಳುವುದಿಲ್ಲ. ಅದು ಕೊಳೆಯಲ್ಲ, ಗಾಳಿಗೆ ತೆರೆದುಕೊಂಡು ಕಪ್ಪಾದ ಮುಚ್ಚಳ ಎಂದು ಗೊತ್ತಾದ ಮೇಲೆ ಅವಳಿಗೆ ಅದರ ಮೇಲಿನ ಸಿಟ್ಟು ಇಳಿದಿದೆ. ತಲೆಗೆ ಎಣ್ಣೆ ಮಾತ್ರ ಬಿಡುವುದಿಲ್ಲ, ಚಳ್ಳಕೆರೆಯ ರಕ್ತ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ಹಣೆಗೆ ಇಳಿಯದಂತೆ ಕೂದಲು ಮೇಲೆ ಕಟ್ಟಿ, ಆಮೇಲೆ ತೊಳೆಯುತ್ತಾಳೆ.

ಹಾಸ್ಟೆಲಿಗೆ ವಾಪಸು ಹೋಗುವಾಗ ಅವಳಿಗೆ ಅರ್ಧ ಪುಟ ಬರೆದುಕೊಟ್ಟೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಸ್ಟಿರಾಯ್ಡ್ ಕುಲದ ಐದು ಹೆಸರು, ಕೆಂಪು ಗೆರೆ ಎಂದರೇನು, ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮವೈದ್ಯರನ್ನು ಕಾಣಿ ಎಂಬ ಸಾಲು. ಅದಕ್ಕೆ ಮುನ್ನ ಆ ವೈದ್ಯೆಗೆ ಪದಪದವಾಗಿ ಓದಿ ಹೇಳಿ ಒಪ್ಪಿಗೆ ಪಡೆದಿದ್ದೆ. ‘ಜಿಡ್ಡು’ ಎಂಬ ಪದ ಅದರಲ್ಲೆಲ್ಲೂ ಇಲ್ಲ. ಅವಳ ಕೋಣೆಯ ಬಾಗಿಲ ಹಿಂದೆ ಅದು ಅಂಟಿತು, ಒಂದು ಪ್ರತಿ ಅಕ್ಕನ ಮನೆಯ ಫ್ರಿಜ್ ಮೇಲೂ ಇದೆ. ಪಕ್ಕದ ಕೋಣೆಯ ಹುಡುಗಿಯೊಬ್ಬಳು ನಮ್ಮ ಭಾಷೆಯಲ್ಲಿ ಯಾಕಿಲ್ಲ ಎಂದು ಕೇಳಿದಳಂತೆ. ತಮಿಳಿಗೆ ಮತ್ತು ತೆಲುಗಿಗೆ ಗೆಳೆಯರು ಮಾಡಿಕೊಟ್ಟಿದ್ದಾರೆ, ದುಡ್ಡಿಲ್ಲದೆ. ಮರಾಠಿ, ಬಂಗಾಳಿ, ಒಡಿಯಾ ಬಾಕಿ ಇವೆ. ಓದುವವರಲ್ಲಿ ಯಾರಿಗಾದರೂ ಬರುತ್ತಿದ್ದರೆ ಈ ಪತ್ರಕ್ಕೇ ಉತ್ತರ ಬರೆಯಿರಿ, ಅರ್ಧ ಪುಟವಷ್ಟೇ.