ರಾಧೆಯೂ ಒಮ್ಮೆ ಬಸಂತಿಯಂತಿದ್ದಳು

ಕುದುರೆಯೇರಿ ಬರುವ ಡಕಾಯಿತರು, ಬಂದೂಕು, ಬಂಡೆಗಲ್ಲಿನ ಬೆಟ್ಟಗಳು. ಅಮೆರಿಕದ ‘ವೆಸ್ಟರ್ನ್’ ಸಿನಿಮಾಗಳ ಈ ಸರಕನ್ನೆಲ್ಲ ನಮ್ಮ ನೆಲಕ್ಕೆ ಒಗ್ಗಿಸಿದ ಚಿತ್ರ, 1975ರ ‘ಶೋಲೆ’. ಅದರ ರಾಮ್‌ಗಢವನ್ನು ಕಟ್ಟಿದ್ದು ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ. 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ರಾಮನಗರ ನಮ್ಮ ಬೆಂಗಳೂರು ಗ್ರಾಮಾಂತರದಲ್ಲೇ ಇತ್ತು. ಹಾಗಾಗಿ ದೊಡ್ಡಬಳ್ಳಾಪುರದ ನಮ್ಮ ಮನೆಯವರಿಗೆ ಅದು ನಮ್ಮ ಕಡೆಯ ಸಿನಿಮಾ.

ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್ ಬರೆದ ಈ ಕಥೆಯಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ವೀರು ಸದಾ ಹರಟುವವನು, ಜಯ್ ಮಿತಭಾಷಿ. ಠಾಕೂರರಿಗೆ ತೋಳುಗಳಿಲ್ಲ, ಇಮಾಮ್ ಸಾಹೇಬರಿಗೆ ಕಣ್ಣಿಲ್ಲ. ಇಮಾಮರ ಮಗ ಅಹ್ಮದನ ಶವ ಊರಿಗೆ ಬಂದಾಗ, ಗಟ್ಟಿಮುಟ್ಟಾದ ಗಂಡಸರು ಜಯ್ ಮತ್ತು ವೀರುವನ್ನು ಗಬ್ಬರನಿಗೆ ಒಪ್ಪಿಸಿಬಿಡೋಣ ಎನ್ನುತ್ತಾರೆ. ಕೂಡದು ಎನ್ನುವವರು ಮಗನನ್ನು ಕಳೆದುಕೊಂಡ ಆ ಅಂಧ ತಂದೆಯೇ.

ಆದರೆ ನನ್ನನ್ನು ಹೆಚ್ಚು ಕಾಡಿದವರು ಅದರ ಇಬ್ಬರು ಹೆಣ್ಣುಮಕ್ಕಳು. ಟಾಂಗಾ ಓಡಿಸುವ ಬಸಂತಿಯ ಮಾತಿಗೆ ಕೊನೆಯೇ ಇಲ್ಲ. ಠಾಕೂರರ ವಿಧವೆ ಸೊಸೆ ರಾಧೆ ಬಿಳಿ ಸೀರೆಯುಟ್ಟು ಒಂದೊಂದೇ ದೀಪ ಆರಿಸುತ್ತಾಳೆ. ತುಟಿ ಬಿಚ್ಚುವುದಿಲ್ಲ.

ಕಾಲೇಜಿಗೆ ನಾಟಕ ಬರೆಯುತ್ತಿದ್ದ ನನ್ನ ತಂಗಿಯ ಮಗಳು ಕೇಳಿದಳು: “ಒಬ್ಬಳು ವಾಚಾಳಿ, ಒಬ್ಬಳು ಮೌನಿ. ಇಷ್ಟು ವ್ಯತ್ಯಾಸ ಇದ್ದರೆ ಸಾಕಲ್ವಾ ಖಾಲಾ?”

ಸಾಲದು ಎಂದೆ. ಮದುವೆಗೆ ಮೊದಲು ರಾಧೆ ಹೇಗಿದ್ದಳೆಂದು ಚಿತ್ರ ತೋರಿಸುತ್ತದೆ. ಹೋಳಿಯ ಬಣ್ಣ ಎರಚುತ್ತಾ, ನಗುತ್ತಾ, ಪಟಪಟ ಮಾತಾಡುತ್ತಿದ್ದ ಹುಡುಗಿ ಅವಳು. ಆ ಒಂದು ದೃಶ್ಯ ಇಲ್ಲದಿದ್ದರೆ ಮೌನವೇ ಅವಳ ಸ್ವಭಾವ ಎಂದುಕೊಂಡು ಸುಮ್ಮನಾಗುತ್ತಿದ್ದೆವು.

ನಮ್ಮ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೇವೆ. ನಮ್ಮ ಫುಪ್ಪು ಇಪ್ಪತ್ತಮೂರಕ್ಕೇ ವಿಧವೆಯಾದವರು. ಮದುವೆ ಮನೆಗಳಲ್ಲಿ ಢೋಲಕ್ ಹಿಡಿದರೆ ಅವರ ದನಿಯೇ ಎಲ್ಲರಿಗಿಂತ ಮೇಲಿರುತ್ತಿತ್ತಂತೆ, ಅಮ್ಮಿ ಹೇಳಿದ್ದು. ನಮಗೆ ಗೊತ್ತಿರುವ ಫುಪ್ಪು ಮೂಲೆಯಲ್ಲಿ ಕೂತು ಅಕ್ಕಿ ಆರಿಸುವವರು. ಸಿನಿಮಾದಲ್ಲಾದರೂ ಠಾಕೂರರು ಸೊಸೆಯ ಮರುಮದುವೆಗಾಗಿ ಅವಳ ತಂದೆಯ ಬಳಿ ಹೋಗುತ್ತಾರೆ. ನಮ್ಮ ದೀನ್ ವಿಧವೆಯ ನಿಕಾಹ್‌ಗೆ ಅಡ್ಡಿ ಮಾಡಿಲ್ಲ. ಆದರೂ ನಮ್ಮಲ್ಲಿ ಫುಪ್ಪುವಿನ ಮನಸ್ಸು ಕೇಳಿದವರಿರಲಿಲ್ಲ.

ಹುಡುಗಿ ಆ ಸಂಜೆಯೇ ಪುಸ್ತಕ, ಪೆನ್ನು ಹಿಡಿದು ಫುಪ್ಪುವಿನ ಪಕ್ಕ ಕೂತಳು: “ದಾದಿ, ಆಗ ನೀವು ಯಾವ ಹಾಡು ಹೇಳುತ್ತಿದ್ದಿರಿ?” ಫುಪ್ಪು ಮೊರ ಕೆಳಗಿಟ್ಟರು. ಇಶಾ ಅಜಾನ್ ಆಗುವಷ್ಟರಲ್ಲಿ ಎರಡು ಹಾಡು ಬರೆಸಿದ್ದರು.