ನಮ್ಮ ವಾರ್ಡಿನವರು ಯಾರು?

ಮೊನ್ನೆ ಸಂಘದಲ್ಲಿ ಚಹಾ ಕುಡಿಯುತ್ತ ಬೆಂಗಳೂರಿನ ಕಸದ ವಿಚಾರವಾಗಿ ಒಂದು ತಾಸು ವಾದಿಸಿದೆವು. ಮನೆಗೆ ಬಂದೊಡನೆ ಮೊಮ್ಮಗಳು, “ಅಜ್ಜ, ನಮ್ಮ ವಾರ್ಡಿನ ನಗರಸೇವಕರು ಯಾರು? ಶಾಲೆಗೆ ಬರೆದೊಯ್ಯಬೇಕು” ಎಂದಳು. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದ ನನಗೆ ಉತ್ತರ ತಿಳಿಯದು! ನಾಚಿಕೆಯಾಯಿತು.

2022ರ ಮಾರ್ಚಿನಲ್ಲಿ ಮಹಾನಗರಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅಷ್ಟು ಕಾಲ 227 ವಾರ್ಡುಗಳಿಗೆ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿಗೆ ಅದು ಕೊರತೆಯೆನಿಸಿತು? ಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ. ಅವುಗಳ ಪರವಾಗಿ ಕೇಳುವವರು ನಾವಲ್ಲದೆ ಇನ್ನಾರು?

ತವರಿನ ಸುದ್ದಿ ಬೇಡವೆನ್ನಲಾರೆ. ಆದರೆ ಕೊಟ್ಟ ಮನೆಯ ಒಲೆಯ ಕಡೆಗೂ ಗಮನವಿರಬೇಕಷ್ಟೆ! ಮರುದಿನವೇ ಮೊಮ್ಮಗಳೊಡನೆ ಹೋಗಿ ಆ ಹೆಸರು, ವಿಳಾಸ ಬರೆದುಕೊಂಡು ಬಂದೆ. ತಾವೂ ಬರೆದಿಟ್ಟುಕೊಳ್ಳಿ.