ಎರಡನೆಯ ತೂಕ

ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಗುತ್ತಲದಿಂದ ಆಳಿದ ಗುತ್ತರು ತಮ್ಮನ್ನು ದೂರದ ಉಜ್ಜಯಿನಿಯ ಒಡೆಯರ ವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಪರದೇಶದ ಬಿರುದನ್ನು ಸ್ವಂತ ಊರಿನಲ್ಲಿ ನಡೆಸುವುದು ಅರಸರಿಗೆ ಸುಲಭವಾಗಿದ್ದಿರಬಹುದು. ಅದೇ ಊರಿನ ರೈತನ ಮಗನೊಬ್ಬನಿಗೆ ಅದು ಅಷ್ಟು ಸುಲಭವಾಗಲಿಲ್ಲ.

2009ರ ಜನವರಿ. ಅಂಗಳದ ತುಂಬ ಮೆಣಸಿನಕಾಯಿ ಕೆಂಪಗೆ ಒಣಗುತ್ತಿದ್ದ ದಿನ ಆ ತರುಣ ಅಮೆರಿಕದಿಂದ ಮರಳಿ ಮನೆಯ ಹೊಸ್ತಿಲು ತುಳಿದ. ಕೈಚೀಲದಲ್ಲಿ ಆ ದೇಶದ ವಿಮಾನಚಾಲಕನ ಪರವಾನಗಿ. ಅದರ ಜೊತೆಗೆ ಇನ್ನೂರೈವತ್ತು ಗಂಟೆಗಳ ಹಾರಾಟವನ್ನು ಅವನದೇ ಕೈಬರಹದಲ್ಲಿ ದಾಖಲಿಸಿದ ಪುಸ್ತಕ. ಇವೆರಡಕ್ಕಾಗಿ ತಂದೆಯ ಹೊಲ ಬ್ಯಾಂಕಿನಲ್ಲಿ ಅಡವಾಗಿತ್ತು. ತಾಯಿ ಆರತಿ ಎತ್ತಿದಳು. ನೆರೆಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು, “ಏನಪಾ ತಮ್ಮಾ, ವಿಮಾನ ಯಾವಾಗ ಹಾರಸ್ತೀ?” ಎಂದು ಕೇಳಿದರು.

“ಇನ್ನ ಸ್ವಲ್ಪ ತಡ ಐತ್ರಿ, ಕಾಕಾ.”

ಆ ‘ಸ್ವಲ್ಪ’ವು ಬೆಳೆಯುತ್ತ ಬೆಳೆಯುತ್ತ ಎರಡೂವರೆ ವರ್ಷವಾಯಿತು.

ರಾತ್ರಿ ಊಟವಾದ ಮೇಲೆ ತಂದೆ ಮೆಲ್ಲನೆ ಕೇಳಿದರು: “ಅಮೇರಿಕಾದವ್ರು ಕೊಟ್ಟ ಲೈಸೆನ್ಸ್ ಇಲ್ಲೆ ನಡ್ಯಾಂಗಿಲ್ಲೇನು?”

ಇಂಥ ಪ್ರಶ್ನೆಗೆ ಉತ್ತರ 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ರಾಷ್ಟ್ರಗಳು ಸಹಿ ಹಾಕಿದ ಒಪ್ಪಂದದಲ್ಲಿದೆ. ವಿಮಾನವು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ, ಇಲ್ಲವೇ ಆ ದೇಶ ಮಾನ್ಯಮಾಡಿದ ಪರವಾನಗಿಯೇ ಅದರ ಚಾಲಕನಲ್ಲಿರಬೇಕು. ಬಾಲದ ಬಳಿ ‘ವಿಟಿ’ ಎಂಬ ಅಕ್ಷರಗಳಿದ್ದರೆ ಅದು ಭಾರತದ ವಿಮಾನ. ‘ಎನ್’ ಎಂದಿದ್ದರೆ ಅಮೆರಿಕದ್ದು. ಆಕಾಶಕ್ಕೆ ಬೇಲಿಯಿಲ್ಲವೆಂದು ಕವಿಗಳು ಹೇಳಬಹುದು. ವಿಮಾನಕ್ಕೆ ಮಾತ್ರ ತೌರುಮನೆಯುಂಟು, ಚಾಲಕನು ಆ ಮನೆಯ ಕಟ್ಟಳೆಗೆ ಒಳಪಡಬೇಕು.

ಮಗ ಇದನ್ನೆಲ್ಲ ತನಗೆ ತಿಳಿದಂತೆ ವಿವರಿಸಿದ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬ್ಯಾಡಗಿ ಪ್ಯಾಟ್ಯಾಗೂ ಹಂಗ ಅಲ್ಲೇನು? ನಾವು ಮನ್ಯಾಗ ತೂಗಿಕೊಂಡು ಹೋಗಿದ್ದು ಅಲ್ಲೆ ನಡ್ಯಾಂಗಿಲ್ಲ. ಮತ್ತ ತೂಗತಾರ. ಕಾಯಿ ಚಲೋ ಇದ್ರ ಎಷ್ಟು ಸಲ ತೂಗಿದ್ರೇನು?” ಮತ್ತೆ ಕ್ಷಣ ತಡೆದು, “ಆದ್ರ ಬಾಳ ದಿನಾ ಇಡಬಾರದು. ಒಣಗಿ ತೂಕ ಇಳೀತೈತಿ” ಎಂದರು.

ಮುದುಕರಿಗೆ ವಿಮಾನದ ವಿಷಯ ಏನೂ ತಿಳಿಯದು. ಆದರೂ ಇಡೀ ವಿಷಯ ಅವರಿಗೆ ತಿಳಿದುಹೋಗಿತ್ತು.

ಎರಡನೆಯ ತೂಕ ಆರಂಭವಾಯಿತು. ದೇಹದ ತಪಾಸಣೆ ಬೆಂಗಳೂರಿನಲ್ಲಿ. ವಾಯುಯಾನದ ಕಾನೂನು ಒಂದು ಪತ್ರಿಕೆ. ಮಾರ್ಗಶಾಸ್ತ್ರ, ಹವಾಮಾನಗಳು ಸೇರಿ ಇನ್ನೊಂದು. ತೇರ್ಗಡೆಗೆ ನೂರಕ್ಕೆ 70 ಅಂಕ. ರೇಡಿಯೋ ಸಂಭಾಷಣೆಗೆ ಬೇರೊಂದು ಇಲಾಖೆಯ ಬೇರೊಂದು ಪರೀಕ್ಷೆ. ಒಟ್ಟು 200 ಗಂಟೆಗಳ ಹಾರಾಟದಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿದ್ದನೆಂಬುದಕ್ಕೆ ಲೆಕ್ಕ. ಪುಸ್ತಕದಲ್ಲಿ ಬರೆದದ್ದು ನಿಜವೆಂದು ಅಮೆರಿಕದ ಕಚೇರಿಯಿಂದ ದೃಢೀಕರಣ. ಕಾಗದಗಳು ಹೋಗುತ್ತಿದ್ದವು, ಬರುತ್ತಿದ್ದವು. ಕೆಲವು ಬಾರದೆಯೂ ಇರುತ್ತಿದ್ದವು.

ಭಾರತದ ಪರವಾನಗಿ ಕೈಗೆ ಬಂದಾಗ ಕೆಲಸವೇ ಇರಲಿಲ್ಲ. 2008ರ ಹಣಕಾಸಿನ ಮುಗ್ಗಟ್ಟಿನಿಂದ ವಿಮಾನ ಸಂಸ್ಥೆಗಳು ನೇಮಕವನ್ನು ಬಿಗಿಹಿಡಿದಿದ್ದವು. ಅವನಂತೆ ಪರವಾನಗಿ ಹಿಡಿದು ಕಾಯುವವರು ದೇಶದಲ್ಲಿ ಬಹಳ ಮಂದಿ ಇದ್ದರು. ತಂದೆಯ ಮಾತು ಅವನಿಗೆ ನೆನಪಾಗುತ್ತಿದ್ದುದು ಆ ದಿನಗಳಲ್ಲಿ. ಪುಸ್ತಕದ ಗಂಟೆಗಳು ಅಳಿಯುವುದಿಲ್ಲ, ನಿಜ. ಆದರೆ ವೈದ್ಯರ ಪ್ರಮಾಣಪತ್ರದ ಅವಧಿ ಒಂದು ವರ್ಷ. ಉಪಕರಣಗಳನ್ನೇ ನೋಡಿ ಹಾರುವ ಅರ್ಹತೆಯನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಕೊಟ್ಟು ಉಳಿಸಿಕೊಳ್ಳಬೇಕು. ಹಾರದ ಚಾಲಕನು ಅಂಗಳದ ಕಾಯಿಯಂತೆ ದಿನದಿನಕ್ಕೆ ಹಗುರಾಗುತ್ತಾನೆ. ಹಿರಿಯರು ‘ಯಾವಾಗ’ ಎಂದು ಕೇಳುವುದನ್ನು ಬಿಟ್ಟಿದ್ದರು. ಕೇಳುತ್ತಿದ್ದುದಕ್ಕಿಂತ ಅದು ಹೆಚ್ಚು ನೋಯಿಸುತ್ತಿತ್ತು. ತಾಯಿ ತನ್ನ ಬಂಗಾರದ ಬಳೆಗಳನ್ನು ಯಾವಾಗ ತೆಗೆದು ಕೊಟ್ಟಳೆಂಬುದನ್ನು ಅವನು ಗಮನಿಸಿರಲಿಲ್ಲ. ಬರಿಗೈಯನ್ನು ಮಾತ್ರ ಒಂದು ದಿನ ಕಂಡ.

2011ರಲ್ಲಿ ಸಹಚಾಲಕನ ಕೆಲಸ ದೊರೆಯಿತು. ಗಂಟೆಗಳು ಸಾವಿರವಾದವು, ಸಾವಿರಗಳು ಹಲವಾದವು. ಅವನು ಕ್ಯಾಪ್ಟನ್ ಆದ. ಬಳೆ ತಿರುಗಿ ಬಂದವು, ಹೊಲವೂ ಬಿಡುಗಡೆಯಾಯಿತು. ಕೊಲ್ಲಿ ದೇಶದ ವಿಮಾನ ಸಂಸ್ಥೆಯೊಂದರಿಂದ ಕರೆ ಬಂದುದು ಇದೆಲ್ಲ ಆದ ಮೇಲೆ.

ಹೋಗುವುದಾದರೂ ಎದ್ದು ಹೊರಡುವಂತಿರಲಿಲ್ಲ. ಕ್ಯಾಪ್ಟನ್ ಆದವನು ಸಂಸ್ಥೆ ಬಿಡುವ ಮುನ್ನ ಒಂದು ವರ್ಷ, ಸಹಚಾಲಕನಾದರೆ ಆರು ತಿಂಗಳು ಮುಂಗಡ ಸೂಚನೆ ಕೊಡಬೇಕೆಂದು ಭಾರತದಲ್ಲಿ 2017ರಲ್ಲಿ ನಿಯಮವಾಗಿತ್ತು. ಯುರೋಪಿಗೆ ಹೋಗಿದ್ದರೆ 13 ವಿಷಯಗಳನ್ನು ಮತ್ತೆ ಓದಿ ಬರೆಯಬೇಕಾಗುತ್ತಿತ್ತು. ಅವನು ಹೋದಲ್ಲಿ ಅನುಭವಕ್ಕೆ ಬೆಲೆಯಿತ್ತು; ಆದರೂ ಅಲ್ಲಿಯ ಕಾನೂನಿನ ಪರೀಕ್ಷೆ, ಅಲ್ಲಿಯ ವೈದ್ಯರ ಕಣ್ಣು, ಕೃತಕ ವಿಮಾನದೊಳಗೆ ಎಂಜಿನ್ ಕೆಡಿಸಿ ನೋಡುವ ಪರೀಕ್ಷಕರು ತಪ್ಪಲಿಲ್ಲ. ಇಂಗ್ಲಿಷ್ ಮಾತಿಗೂ ಅಳತೆಯುಂಟು. ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನಾದರೂ ಮುಟ್ಟಿರಬೇಕೆಂಬುದು 2008ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಅದನ್ನೂ ದಾಟಿದ. ನಲವತ್ತರ ಹತ್ತಿರ ಬಂದವನು ಮತ್ತೊಮ್ಮೆ ವಿದ್ಯಾರ್ಥಿಯಾಗಿ, ಬಾಡಿಗೆಯ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಓದಿದ.

ಫಲಿತಾಂಶ ತಿಳಿದ ರಾತ್ರಿ ಊರಿಗೆ ಫೋನ್ ಮಾಡಿದ. ತಂದೆ ಕೇಳಿದ್ದು ಒಂದೇ ಮಾತು: “ಅಲ್ಲೂ ಮತ್ತ ತೂಗಿದ್ರೇನು?”

“ತೂಗಿದ್ರಪ್ಪಾ.”

“ಸರಿ ಬಂತಿಲ್ಲೋ?”

“ಬಂತು.”

ಅಷ್ಟರಲ್ಲಿ ತಾಯಿ ಫೋನನ್ನು ಕಸಿದುಕೊಂಡಿದ್ದಳು. “ಅವ್ರೆಲ್ಲಾ ತೂಗಿದ್ದು ಸಾಕು. ಉಂಡೀಯೋ ಇಲ್ಲೋ, ಸೊರಗೀಯೋ ಏನೋ! ಜಾತ್ರಿಗೆ ಬಾ. ನಾನೂ ಒಮ್ಮೆ ತೂಗಿ ನೋಡ್ತೀನಿ.”

ಎಷ್ಟೋ ಪರೀಕ್ಷಕರ ಮುಂದೆ ಅಲುಗದೆ ಕುಳಿತಿದ್ದ ಕ್ಯಾಪ್ಟನ್‌ನ ಕಣ್ಣು ಆ ಮಾತಿಗೆ ಒದ್ದೆಯಾಯಿತು. ಮರುದಿನವೇ ಅವನು ರಜೆಗೆ ಅರ್ಜಿ ಬರೆದ.